ಕ್ಯಾಲೆಂಡರಿನ ತಳದ ಚೌಕ

ದೀಪಾವಳಿ ಮುಗಿದ ಮ್ಯಾಲೆ
ನಮ್ಮ ಪ್ರೆಸ್ಸಿನಾಗ ಮುಂದಿನ ವರ್ಷ ಬರತೈತಿ.
ಸಂಕಷ್ಟಿ, ಅಮಾಸಿ, ಬ್ಯಾಂಕಿನ ಸೂಟಿ,
ಕಿರಾಣಿ ಸೆಟ್ಟರ ಹೆಸರು, ಅವರಪ್ಪನ ಫೋಟೋ,
ಎಲ್ಲಾ ಕೂಡಿಸಿದ ಮ್ಯಾಲೆ ತಳದಾಗ ಎರಡ ಬೆರಳ ಜಾಗ ಉಳದರ
ಅಲ್ಲೊಂದು ಚೌಕ: ತುರ್ತು ನಂಬರು.

ಅದನ್ನ ತಿದ್ದೋದು ನನ್ನ ಪಾಳಿ. ಹತ್ತೊಂಬತ್ತು ವರ್ಷ ಆತು.
ಪೊಲೀಸು ನೂರು, ಬೆಂಕಿ ನೂರಾ ಒಂದು,
ಆಂಬುಲೆನ್ಸು ನೂರಾ ಎಂಟು.
ಒಂದು ವರ್ಷ ೧೦೮ ಹೋಗಿ ೧೮೦ ಆಗಿತ್ತು,
ಎರಡು ಸಾವಿರ ಪ್ರತಿ ಕೈಲೆ ತಿದ್ದಿದೆವು,
ಕೆಂಪು ಪೆನ್ನು, ಸೆಟ್ಟರು ಎದುರಿಗೆ ಕುಂತು ಚಹಾ ಕುಡಿಯೂತ.

ಆಮ್ಯಾಲೆ ಬಂತು ನೂರಾ ಹನ್ನೆರಡು,
ಎಲ್ಲಾದಕ್ಕೂ ಇದೊಂದ ಸಾಕಂತ.
ಸಾಕಂದ್ರ ಉಳದವ್ನ ತೆಗಿ, ಅಂದ್ರು ಮಾಲಕರು,
ಆ ಜಾಗಕ್ಕ ಇನ್ನೊಂದು ಜಾಹೀರಾತು ಬರತೈತಿ.
ನಾ ತೆಗೀಲಿಲ್ಲ.
ಯಾಕಂತ ಕೇಳಿದ್ರ ಹೇಳಾಕ ಬರತಿರಲಿಲ್ಲ.

ಮೊನ್ನಿ ಬುಧವಾರ ರಾತ್ರಿ, ಬೆಟಗೇರಿ.
ಮಗ್ಗ ನಿಂತು ಅರ್ಧ ತಾಸಾಗಿತ್ತು.
ಮಗ್ಗ ನಿಂತರ ನಮ್ಮ ಓಣ್ಯಾಗ ಗ್ವಾಡಿ ತೆಳ್ಳಗಾಗತಾವ.
ಆ ಕಡೆ ಏನೋ ಬಿತ್ತು.
ಹಿತ್ತಾಳಿ ಸಪ್ಪಳ ಅಲ್ಲ, ಸ್ಟೀಲಿಂದೂ ಅಲ್ಲ.
ಹಿಂದ ಶಾಕಾಂಬರಿ ಧ್ವನಿ, ಅರ್ಧ.
ಉಳದರ್ಧಕ್ಕ ಕಾದೆ.
ಬರಲಿಲ್ಲ.

ಫೋನ್ ಹಿಡದು ನಿಂತೆ.
ಆಕಿ ತಾನ ಬಿದ್ದಿದ್ರ ನೂರಾ ಎಂಟು.
ಬೀಳಿಸಿದ್ದಾದ್ರ ನೂರು,
ಅಲ್ಲಲ್ಲ, ಹೆಣ್ಣುಮಗಳಲ್ಲೇನು, ನೂರಾ ಎಂಬತ್ತೊಂದು.
ಸಣ್ಣ ಹುಡುಗಿ ಎಚ್ಚರಿದ್ದು ನೋಡಾಕತ್ತಿದ್ರ
ಹತ್ತು ತೊಂಬತ್ತೆಂಟು.
ಒಂದ ಏಟಿಗೆ ಇಷ್ಟು ಇಲಾಖೆ.
ನಾಳಿ ನಳ ಬರೋ ದಿನ.
ಆಕಿ ಅತ್ತಿ ಹಿಂದ ಕೊಡ ಹಿಡದು ನಿಲ್ಲಬೇಕು ನಾನು,
ನೀರು ಎಂಟ ದಿನಕ್ಕೊಮ್ಮೆ.
ಅದಕ್ಕ ಯಾವ ನಂಬರು?

ಫೋನ್ ಸೆರಗಿನಾಗ ಸುತ್ತಿ ಒಂದು ಬಟ್ಟಲ ತಗೊಂಡೆ.
ಬಾಗಲಾ ಬಡದೆ.
"ಶಾಕಾಂಬರಿ, ಒಂಚೂರು ಹೆಪ್ಪು ಕೊಡವ್ವ,
ಹಾಲು ಕಾಸಿಟ್ಟೇನಿ."
ಹನ್ನೊಂದೂವರಿ ಆಗಿತ್ತು.
ಮನ್ಯಾಗ ಹಾಲ ಇರಲಿಲ್ಲ.

ತೆಗೆದವ ಆಕಿ ಗಂಡ.
"ಈ ಹೊತ್ತಿನಾಗ ಏನ್ ಮೊಸರು, ರೂತಕ್ಕ?" ಅಂದ,
ನಗೋ ಹಂಗ ಮಾಡಿದ.
ನಾ ಅವನ ಬಗಲಿಂದ ಒಳಗ ಹೋದೆ.
ಇಷ್ಟು ವರ್ಷದಾಗ ಆ ಹೊಸ್ತಿಲ ಕರೀದ ದಾಟಿದ್ದಿಲ್ಲ.
ಅವ ಕಟ್ಟಿಗೆ ಹೋಗಿ ಬೀಡಿ ಹಚ್ಚಿದ.

ಆಕಿ ಬೆನ್ನು ಮಾಡಿ ನಿಂತು
ಗಡಿಗಿ ಹುಡುಕತಿದ್ಲು, ಕಣ್ಣ ಮುಂದ ಇದ್ದದ್ದನ್ನ.
ಗ್ವಾಡಿಗೆ ನಮ್ಮ ಪ್ರೆಸ್ಸಿನ ಕ್ಯಾಲೆಂಡರು.
ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು,
ಮತ್ತ ತಳದಾಗ, ನನ್ನ ಚೌಕದಾಗ,
ನೂರಾ ಎಂಬತ್ತೊಂದರ ಮ್ಯಾಲೆ ಅರಿಷಿಣದ ಬೆರಳು.
ಒಂದಲ್ಲ.
ಮಾಸಿದ್ದು ಎರಡೋ ಮೂರೋ, ಹಸಿದೊಂದು.
ನಡುವಿನ ಎಂಟು ಓದಾಕ ಬರದಂಗ ಆಗಿತ್ತು.

ಹತ್ತೊಂಬತ್ತು ವರ್ಷ ತಿದ್ದೇನಿ,
ಯಾರ ಓದತಾರ ಅಂತ ಗೊತ್ತಿದ್ದಿಲ್ಲ.

ಬಟ್ಟಲು ಕೊಟ್ಲು. ತುಟಿ ಸೀಳಿತ್ತು.
ಅರ್ಧ ಮೊಸರು ನನ್ನ ಮಣಿಕಟ್ಟಿಗೆ ಬಿತ್ತು.
"ನೀನೋ, ನಾನೋ?" ಅಂದೆ ಮೆಲ್ಲಕ.
ಸೆರಗಿನಾಗ ಬೆಳಗತಿದ್ದ ಫೋನ್ ನೋಡಿದ್ಲು.
ಹೊರಗ ಕಟ್ಟಿ ಕಡೆ ನೋಡಿದ್ಲು.
"ನೀ ಹಚ್ಚು."

ಹಚ್ಚಿದೆ. ಯಾವುದಂತ ಕೇಳಬ್ಯಾಡ್ರಿ,
ಬೆರಳು ಎಲ್ಲಿ ಬಿತ್ತೋ ಅದು.
ಆ ಕಡೆ ಒಂದು ಹುಡುಗಿ, ನಿದ್ದಿಗೆಟ್ಟ ಧ್ವನಿ:
"ಮನಿ ಗುರುತು ಹೇಳ್ರಿ, ಹತ್ತರ ಏನೈತಿ?"
ನೀರಿನ ಟಾಕಿ ಅಂದೆ. ನಿಂತ ಮಗ್ಗ ಅಂದೆ.
"ದೀಪ ಹಚ್ಚೇನಿ, ಬಾಗಲಾ ತೆರದೈತಿ, ಬರ್ರಿ."
ಬಟ್ಟಲು ಇನ್ನೂ ಕೈಯಾಗ ಇತ್ತು.

ಈ ಸಲದ ಪ್ರೂಫಿನಾಗ
ಆ ಒಂದು ಸಾಲು ಅರ್ಧ ಪಾಯಿಂಟು ದಪ್ಪ ಮಾಡೇನಿ.
ಮಾಲಕರ ಕಣ್ಣಿಗೆ ಇನ್ನೂ ಬಿದ್ದಿಲ್ಲ.