ಹತ್ತು ಕಳೆಯಿರಿ

ಅಪ್ಪನಿಗೆ ಗೊತ್ತಾದಾಗ ನಲವತ್ತೊಂಬತ್ತು.
ಅದರಲ್ಲಿ ಹತ್ತು ಕಳೆಯಿರಿ, ಅಂದರು ಡಾಕ್ಟರು,
ತರಕಾರಿಯವನು ಚಿಲ್ಲರೆ ಲೆಕ್ಕ ಹೇಳುವ ಹಾಗೆ.
ಕಳೆದೆ. ಬರುವ ಆಷಾಢಕ್ಕೆ ನನಗದೇ ವಯಸ್ಸು.

ಹಾಳೆಯ ಮೇಲೆ ನಮ್ಮ ವಂಶ ಬರೆದುಕೊಂಡರು:
ಗಂಡಸಿಗೆ ಚೌಕ, ಹೆಂಗಸಿಗೆ ದುಂಡು,
ಹೋದವರ ಮೇಲೊಂದು ಅಡ್ಡಗೆರೆ.
"ದೊಡ್ಡಪ್ಪ ಯಾವುದರಿಂದ?"
ಮೂಲವ್ಯಾಧಿ, ಅಂದೆ.
"ಅಜ್ಜಿ?"
ಉಷ್ಣ.
ಪೆನ್ನು ನಿಂತಿತು.
ನಾನು ಹೇಳಿದ್ದು ನನಗೂ ಆಗಲೇ ಕೇಳಿಸಿದ್ದು.

ಕಬ್ಬನ್‌ಪೇಟೆಯ ನಮ್ಮ ಸಂದಿಯಲ್ಲಿ
ರಕ್ತ ಕಂಡರೆ ಮಜ್ಜಿಗೆ ಕುಡಿ ಅನ್ನುತ್ತಿದ್ದರು,
ಕಾಮಕಸ್ತೂರಿ ನೆನೆಸು, ಬದನೆಕಾಯಿ ಬಿಡು.
ಆರು ಮನೆಗೆ ಒಂದೇ ಕಕ್ಕಸು.
ಅಪ್ಪ ದಿನಾ ಎರಡು ಬಕೆಟ್ಟು ಹೆಚ್ಚಿಗೆ ಸುರಿದು ಬರುತ್ತಿದ್ದ.
ಎಷ್ಟು ಚೊಕ್ಕ ಮನುಷ್ಯ ರಾಮಲಿಂಗಯ್ಯ,
ಅನ್ನುತ್ತಿದ್ದರು ಜನ.

ನಿನ್ನೆ ರಾತ್ರಿ ಎರಡು ಲೀಟರ್, ಉಪ್ಪುಪ್ಪು ನಿಂಬೆ.
ಬಾಗಿಲಾಚೆ ಮಣೆ ಹಾಕಿಕೊಂಡು ಕೂತ ಅಮ್ಮ
ಏಳು, ಎಂಟು ಅಂತ ಎಣಿಸಿದಳು.
"ತಿಳಿಸಾರಿನ ಹಾಗೆ ಆಗಬೇಕಂತೆ ಕಣಮ್ಮ" ಅಂದರೆ
"ಥೂ, ನಾಳೆಯಿಂದ ಸಾರು ಹೇಗೆ ತಿನ್ನಲಿ" ಅಂತ ನಕ್ಕಳು.
ಒಂಬತ್ತಕ್ಕೆ ಅವಳೂ ಸುಮ್ಮನಾದಳು.

ತಮ್ಮ ಪಶುಪತಿ ಬರಲಿಲ್ಲ.
ಹುಡುಕಿದರೆ ಸಿಗುತ್ತೆ ಅಕ್ಕ, ಅದಕ್ಕೇ ಹುಡುಕಬಾರದು.

ಅರೆಮಂಪರಿನಲ್ಲಿ ಪರದೆಯ ಮೇಲೆ
ಒದ್ದೆ ಗುಲಾಬಿ ಓಣಿ, ತಿರುವಿನಾಚೆ ತಿರುವು.
ಕರುಳು ಅಂದರೆ ಮಮತೆ ಅಂತಲೇ ಆಡುವ ಮಾತು ನಮ್ಮದು;
ಮೊದಲ ಸಲ ಅದನ್ನು ಬರೀ ಕರುಳಾಗಿ ನೋಡಿದೆ.
ಅಲ್ಲೊಂದು ಗಂಟು.
ತೊಗರಿಬೇಳೆಗಿಂತ ಚೂರು ದೊಡ್ಡದು.

ಸೀರೆ ಮಗ್ಗದಿಂದ ಇಳಿದ ಮೇಲೆ ಅಮ್ಮ
ಕಣ್ಣು ಮುಚ್ಚಿಕೊಂಡೇ ಬೆರಳಾಡಿಸುತ್ತಾಳೆ.
ತಡೆದಲ್ಲಿ ನಿಂತು, ಚಿಮಟದಿಂದ ಎತ್ತಿ, ಕತ್ತರಿಸಿ,
ಉಗುರಲ್ಲಿ ಸವರಿದರೆ
ಎಳೆ ಎಳೆಗೆ ಕೂಡಿಕೊಳ್ಳುತ್ತದೆ.
ಇಲ್ಲೂ ಅಷ್ಟೇ. ಒಂದು ತಂತಿಯ ಕುಣಿಕೆ,
ನೋವೂ ಇಲ್ಲ.
ಅಪ್ಪನ ಗಂಟನ್ನು ಯಾರೂ ಸವರಿ ನೋಡಿರಲಿಲ್ಲ.

ರಿಪೋರ್ಟು ಬರುವುದು ಹತ್ತು ದಿನಕ್ಕಂತೆ.
ಏನಿದ್ದರೂ ಮೂರು ವರ್ಷಕ್ಕೆ ಮತ್ತೆ ಬನ್ನಿ, ಅಂದರು.
ವಂಶದ ಹಾಳೆಯ ನಕಲು ಕೇಳಿ ತಂದೆ,
ದೊಡ್ಡಪ್ಪನ ಎದುರು ಮೂಲವ್ಯಾಧಿ ಹೊಡೆದುಹಾಕಿ
ಪ್ರಶ್ನೆಚಿಹ್ನೆ ಹಾಕಿದ್ದಾರೆ.
ರಾತ್ರಿ ಪಶುಪತಿ ಉಣ್ಣುವ ಜಾಗದಲ್ಲಿ ಹರಡಿಟ್ಟೆ.

ಅಮ್ಮನಿಗೆ ಓದು ಬಾರದು.
"ಇವನು ಯಾವುದು?" ಕೇಳಿದಳು.
ತೋರಿಸಿದೆ: ಮೂವತ್ತೇಳು ಅಂತ ಬರೆದ ಖಾಲಿ ಚೌಕ.
ಅವಳು ಕಣ್ಣು ಮುಚ್ಚಿ
ಅದರ ಮೇಲೆ ಮೆಲ್ಲಗೆ
ಬೆರಳಾಡಿಸಿದಳು.