ಜೋಮು

ನನಗೆ ಕೊಟ್ಟ ಕೆಲಸ ಇಷ್ಟೆ:
ಕೊರಳಿಗೆ ಹೆಸರಿನ ಚೀಟಿ, ಕೈಯಲ್ಲಿ ಹಲಗೆ,
ಬಂದವರ ಮುಂದೆ ನಗುತ್ತ ನಿಂತು
ಒಂದರಿಂದ ಹತ್ತರೊಳಗೆ ಎಷ್ಟು ಎಂದು ಕೇಳುವುದು.

ಎಸ್ಟೋನಿಯಾದ ಮೂಡಣ ಅಂಚು. ಆಚೆ ದಡ ಕಾಣದ ಸರೋವರ.
ಕಂಬಕಂಬಕ್ಕೂ ಈರುಳ್ಳಿ ಜಡೆ,
ಹೊಗೆಗೂಡಿನಿಂದ ಆಗಷ್ಟೇ ಇಳಿದ ಮೀನು,
ಅಕಾರ್ಡಿಯನ್ ಹಬ್ಬಕ್ಕೆ ಹದಿನೇಳನೇ ವರ್ಷ.

ಹೆಲ್ದುರ್ ಎಂಬ ಮುದುಕ,
ರೈಲಿನ ಸಿಗ್ನಲ್ ಮನೆಯಲ್ಲಿ ಮೂವತ್ತು ವರ್ಷ ಕೂತವನು,
ಮೂರನೇ ಸಾಲಿನ ಬೆಂಚಿನ ತುದಿಗೆ
ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಸಂಗೀತ?
"ಎರಡು. ಆ ಹುಡುಗ ವಾದ್ಯ ನುಡಿಸುತ್ತಿಲ್ಲ,
ಅದರ ಜೊತೆ ಜಗಳವಾಡುತ್ತಿದ್ದಾನೆ."
ಊಟ?
"ಮೂರು. ಮೀನಿಗೆ ಉಪ್ಪು ಹಾಕಿದರೋ, ಉಪ್ಪಿಗೆ ಮೀನೋ?"
ಶೌಚಾಲಯ?
ನನ್ನ ಮುಖವನ್ನೇ ನೋಡಿದ. ಒಂದು ಎಂದು ನಾನೇ ಬರೆದುಕೊಂಡೆ.
ಬರುವ ವರ್ಷ ಮತ್ತೆ ಬರುವಿರಾ?
"ಹತ್ತು."

ಕಿವಿ ತಪ್ಪಿತೇನೋ ಎಂದು ಇನ್ನೊಮ್ಮೆ ಕೇಳಿದೆ.
"ಹತ್ತು," ಎಂದ, ಚೀಟಿಯ ಮೇಲೆ ನನ್ನ ಹೆಸರು ಓದುತ್ತ,
"ಹನ್ನೊಂದಿದ್ದರೆ ಅದನ್ನೇ ಬರಿ, ಲೇಲೊ."

ಲೆಕ್ಕ ತಾಳೆಯಾಗಲಿಲ್ಲ.
ತರಗತಿಯಲ್ಲಿ ಕಲಿಸಿದ ಚಿತ್ರದಲ್ಲಿ
ತೃಪ್ತಿಯಿಂದ ಹೊರಟ ಬಾಣ ನಿಷ್ಠೆಗೆ ನಾಟುತ್ತದೆ,
ನಡುವೆ ಭಾವ ಎಂಬ ಪುಟ್ಟ ಚೌಕ.
ಇವನ ಬಾಣ ಹೊರಟದ್ದು ಎಲ್ಲಿಂದ?

ಕೇಳದೆಯೇ ಹೇಳಿದ.
ಒಂಬತ್ತು ವರ್ಷದ ಹಿಂದೆ, ಇದೇ ಬೆಂಚು.
ಸರೋವರದಿಂದೆದ್ದ ಗಾಳಿಗೆ ಕಂಬ ಉರುಳಿ
ಮೈಕು ಸತ್ತಿತು, ದೀಪ ಸತ್ತವು,
ಡೇರೆಯ ಒಂದು ಮಗ್ಗುಲು ಹಾರಿಯೇ ಹೋಯಿತು.
ಇನ್ನೇನು ಏಳಬೇಕು, ಅಷ್ಟರಲ್ಲಿ
ಯಾವಳೋ ಒಬ್ಬಳು ಮಡಿಲಿಗೆ ಕೂಸನ್ನಿಟ್ಟು
"ಒಂದು ನಿಮಿಷ, ದೊಡ್ಡವನು ಕಾಣಿಸುತ್ತಿಲ್ಲ" ಎಂದು ಕತ್ತಲಿಗೆ ಓಡಿದಳು.

ನಿಮಿಷ ಎರಡು ಗಂಟೆಯಾಯಿತು.
ಕೂಸು ಅತ್ತು, ಅತ್ತು, ಕೋಟಿನ ಗುಂಡಿ ಚೀಪುತ್ತ ಮಲಗಿತು.
ಯಾರೋ ತಡಕಾಡಿ ನುಡಿಸತೊಡಗಿದರು
ಯಾರಿಗೂ ಪೂರ್ತಿ ಬಾರದ ಒಂದು ಹಾಡು,
ಒಬ್ಬರು ಮರೆತಲ್ಲಿ ಇನ್ನೊಬ್ಬರು ಎತ್ತಿಕೊಂಡು.
ಅವನೂ ಹಾಡಿದನಂತೆ,
ಕೂಸಿಗೆ ಎಚ್ಚರವಾಗದಷ್ಟು.

"ಕಾಲು ಕದಲಿಸಲಿಲ್ಲ. ಜೋಮು ಹಿಡಿದು
ಎಡಗಾಲು ನನ್ನದೇ ಅಲ್ಲ ಅನ್ನಿಸಿಬಿಟ್ಟಿತು.
ಬಂದಳು, ಎತ್ತಿಕೊಂಡಳು, ಹೋದಳು.
ಹೆಸರು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಅವರನ್ನು ಹುಡುಕುತ್ತೀರಾ?
"ಛೆ, ಹುಡುಕುವುದಕ್ಕೇನಿದೆ?
ಕೂರುವುದಕ್ಕೆ ಬರುತ್ತೇನೆ."

ಇದಕ್ಕೆ ನನ್ನ ಹಾಳೆಯಲ್ಲಿ ಚೌಕವಿರಲಿಲ್ಲ.
ಇತರೆ ಎಂಬಲ್ಲಿ ಅರ್ಧ ಗೆರೆಯಷ್ಟು ಜಾಗ.
ಜೋಮು ಎಂದು ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ.

ಕೊನೆಗೆ, ಸಲಹೆ ಏನಾದರೂ?
ವೇದಿಕೆಯ ಹಿಂದೆ ಗುರುಗುಡುವ
ಹಳದಿ ಜನರೇಟರನ್ನು ಕೆಕ್ಕರಿಸಿ ನೋಡಿದ.
"ಅದನ್ನು ತಂದವರಾರು?"
ಸಮಿತಿಯವರು, ಎಂದೆ. ಇನ್ನು ಎಂಥ ಗಾಳಿ ಬಂದರೂ ಭಯವಿಲ್ಲ.

"ಹೂಂ," ಎಂದ ಹೆಲ್ದುರ್.
ಟೋಪಿ ತೆಗೆದು ಪಕ್ಕಕ್ಕಿಟ್ಟ,
ಮಡಿಲು ಖಾಲಿ ಮಾಡಿಕೊಂಡು ಕೂತ.