ಒಂದು ಕೆನ್ನೆಯ ನೀರು

ಸಿನಾವ್ ಸಂತೆಯ ಗುರುವಾರ, ಉಪವಾಸದ ಹನ್ನೊಂದನೆಯ ದಿನ,
ಪಿಕಪ್ಪಿನ ಹಿಂದೆ ಮಂಡಿಯೂರಿ ಕೂತು ಬಂದಳು ರೀಮ.
ಎಡಗೆನ್ನೆ ಒದ್ದೆ.
ತಂತಿಬೇಲಿ ಕೊಯ್ದ ಗಾಯ ಎಂದೋ ಕೂಡಿತ್ತು,
ಸಾಸಿವೆಯಷ್ಟು ತೂತೊಂದು ಉಳಿದು
ಮೆಲುಕು ಹಾಕಿದಾಗೆಲ್ಲ ಅಲ್ಲಿಂದ
ತೊಟ್, ತೊಟ್.
"ಅಳುತ್ತಾಳೆ, ಆದರೆ ಕಣ್ಣಿಂದಲ್ಲ," ಎಂದ ಓಷೇಕ್.
ಕಸ್ಸಾಲಾದ ಒಂಟೆಯಾಳು. ಒಣಗಿದ ತುಟಿ,
ಹಲ್ಲಿಗೆ ಅಂಟಿಕೊಂಡ ಮಾತು.

ಅಳುವಲ್ಲ ಮಾರಾಯ.
ಕಿವಿಯ ಬುಡ ಮುಟ್ಟಿ ನೋಡು:
ದವಡೆ ಮೂಳೆಯ ಹಿಂದೆ, ಚರ್ಮದಡಿ,
ಅಂಗೈಯಗಲ ಒಂದು ಗ್ರಂಥಿ.
ಬಿಡಿಸಿದರೆ ಬಂಗುಡೆಯ ಹೊಟ್ಟೆಯ ತತ್ತಿಯ ಹಾಗೆ
ಕಾಳು ಕಾಳು, ಕಾಳಿಗೊಂದು ಕಿರಿ ಓಣಿ,
ಓಣಿಗೆ ಓಣಿ ಕೂಡಿ ಒಂದು ಹಾದಿ,
ಕೆನ್ನೆಯ ಮಾಂಸದ ಮೇಲೆ ಹಾದು
ಮೇಲ್ದವಡೆಯ ಹಲ್ಲಿನೆದುರು ಬಾಯಿಗಿಳಿಯುತ್ತದೆ.
ರಕ್ತದಿಂದ ಸೋಸಿದ ನೀರು, ಚೂರು ಉಪ್ಪು, ಚೂರು ಸೋಡಾ.
ಹೊಟ್ಟೆಯಲ್ಲಿ ಹುಳಿಯೇಳುವ ಸೊಪ್ಪಿಗೆ ಅದೇ ಮದ್ದು.
ನಾಲಿಗೆಯಡಿಯದು ಬೇರೆ, ಗದ್ದದೊಳಗಿನದು ಬೇರೆ,
ಅವುಗಳದು ಅಂಟು, ಲೋಳೆ,
ಸಮುರ್ ಮುಳ್ಳನ್ನು ಗಂಟಲಿಗೆ ಜಾರಿಸಲಿಕ್ಕೆ.
ಇದು ತೆಳ್ಳಗೆ. ಗಂಜಿಯ ತಿಳಿ.
ನೀರು ಸಿಗದ ವಾರಗಳಲ್ಲಿ ಗ್ರಂಥಿ ಕೈ ಬಿಗಿಹಿಡಿಯುತ್ತದೆ;
ಮೂತ್ರಕ್ಕೆ ಹೋಗಬೇಕಾದ ಯೂರಿಯಾ ಕೂಡ
ಇದೇ ಹಾದಿಯಲ್ಲಿ ಬಾಯಿಗೆ ಮರಳಿ ಹೊಟ್ಟೆ ಸೇರುತ್ತದೆ.
ಈ ಮರಳಲ್ಲಿ ಬಿಸಾಡುವುದೆಂದರೆ ಏನನ್ನ, ಎಲ್ಲಿಗೆ?

ಕೇಳುತ್ತ ಕೇಳುತ್ತ ಅವನು ತನ್ನದನ್ನು ನುಂಗಿಕೊಂಡ.
"ಇದಕ್ಕೆ ಉಪವಾಸ ಮುರಿಯುವುದಿಲ್ಲ.
ಒಳಗಿನದು ಒಳಗೇ ಹೋಯಿತಲ್ಲ.
ರೀಕ್ ಅನ್ನುತ್ತೇವೆ. ಇಲ್ಲಿಯವರ ಬೆಳಗಿನ ತಿಂಡಿಗೂ
ಅದರಿಂದಲೇ ಹೆಸರು, ರಿಯೂಗ್."

ನಮ್ಮಲ್ಲಿ ಅದಕ್ಕೆ ನಿಂತಲ್ಲಿಗೊಂದು ಹೆಸರು.
ಬಾಯೊಳಗೆ ಊರಿದರೆ ಬರೀ ನೀರು, ಆಸೆಯ ಲೆಕ್ಕ.
ತುಟಿ ದಾಟಿದರೆ ಜೊಲ್ಲು:
ಕೂಸಿನದು ಮುದ್ದು, ಗಂಡಸಿನದು ಬೈಗುಳ.
ನೆಲಕ್ಕೆ ಬಿದ್ದರೆ ಉಗುಳು.
ಲೋಟದ ಅಂಚಿಗೆ ತಾಗಿದರೆ ಎಂಜಲು.
ಗಂಗೊಳ್ಳಿಯ ನಮ್ಮ ಅಮ್ಮಮ್ಮ
ಚೆಂಬು ಎತ್ತಿ ಗಂಟಲಿಗೆ ನೇರ ಸುರಿದುಕೊಳ್ಳುವಳು,
ಯಾರದಾದರೂ ತುಟಿ ತಾಗಿದರೆ
ಬೂದಿ ಹಾಕಿ ತಿಕ್ಕಿಸುವಳು.
ಅದೇ ಅಮ್ಮಮ್ಮ
ಮೀನಿನ ಮುಳ್ಳು ತನ್ನ ಬಾಯಲ್ಲೇ ಬಿಡಿಸಿ
ತುತ್ತು ನನ್ನ ಬಾಯಿಗಿಟ್ಟವಳು.
ಆ ಒದ್ದೆಗೆ ಹೆಸರಿರಲಿಲ್ಲ.

ಹಾದಿಯನ್ನು ಹೊಲಿಯಲು ನೋಡಿದೆವು. ಆಗಲಿಲ್ಲ.
ಅದರ ಇನ್ನೊಂದು ತುದಿ
ಗಾಯದ ಕಲೆಯೊಳಗೆಲ್ಲೋ ಕಳೆದಿತ್ತು.
ಡಾಕ್ಟರ್ ಷೆನೂದಾ ಇಕ್ಕಳ ಕೆಳಗಿಟ್ಟು
"ಕಟ್ಟಿಬಿಡು" ಎಂದರು.
ರೇಷ್ಮೆ ದಾರ, ಎರಡು ಗಂಟು.

"ಕಟ್ಟಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ?"
ಗೊತ್ತಾಗುವುದಿಲ್ಲ, ಮೊದಮೊದಲು.
ಊರುತ್ತಲೇ ಇರುತ್ತದೆ. ಊದುತ್ತದೆ,
ಕಿವಿಯ ಕೆಳಗೆ ನಿಂಬೆಯಷ್ಟು, ಕಿತ್ತಳೆಯಷ್ಟು.
ಆಮೇಲೆ ಒಂದೊಂದೇ ಕಾಳು ಸೊರಗಿ ಸುಮ್ಮನಾಗುತ್ತದೆ.
ಬಲಗಡೆಯದು ಎರಡರ ಪಾಲಿನದನ್ನೂ ದುಡಿಯುತ್ತದೆ.
"ನನ್ನ ತಮ್ಮನ ಹಾಗೆ," ಎಂದ.
ಯಾವ ತಮ್ಮ, ಎಲ್ಲಿದ್ದಾನೆ, ನಾನು ಕೇಳಲಿಲ್ಲ.

ಮಸೀದಿಯ ಮೈಕು ಗೊರಗೊರ ಅಂದಿತು.
ಅವನು ಖರ್ಜೂರ ಕಚ್ಚಿದ,
ಒಂಟೆಹಾಲಿನ ಬಟ್ಟಲಿಗೆ ಬಾಯಿಟ್ಟ, ನನ್ನ ಕಡೆ ಚಾಚಿದ.
ನೊರೆಯಲ್ಲಿ ಅವನ ತುಟಿಯಗಲದ ಗುಳಿ.
ಎತ್ತಿ ಸುರಿದುಕೊಳ್ಳಲು
ಬಟ್ಟಲು ತೀರ ಅಗಲ.
ಕುಡಿದೆ.

ಮೂರನೆಯ ಗುರುವಾರ.
ಎಡಗೆನ್ನೆ ಒಣಗಿದೆ, ಕಿವಿಯ ಕೆಳಗೆ ಊತ ಇಳಿದಿದೆ.
ರೀಮ ಮೆಲುಕು ಹಾಕುತ್ತಾಳೆ, ಬಲಕ್ಕೊಮ್ಮೆ, ಎಡಕ್ಕೊಮ್ಮೆ.
ಹಳೆಯ ಗಿರಾಕಿ ನೊಣವೊಂದು
ಆ ಕೆನ್ನೆಗೆ ಬಂದು ಕೂತಿತು, ಕಾಲು ಉಜ್ಜಿತು,
ಮೂತಿಯಿಟ್ಟು ನೋಡಿತು,
ಏನೂ ಸಿಗದೆ
ನನ್ನ ತುಟಿಯತ್ತ ಹಾರಿತು.